ಯಾವುದೇ ಅಂದ್ರೆ ಎಷ್ಟು ಜನ, ಅಳಿಯಾ?

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಫೋನ್ ಬಂತು. ತಾಳ್ಯದಿಂದ ನಮ್ಮ ಸೋದರಮಾವ. ಈ ಹೊತ್ತಲ್ಲಿ ಮಾವ ಫೋನ್ ಮಾಡೋರಲ್ಲ. ಏಳೂವರೆಗೆ ಊಟ, ಎಂಟೂವರೆಗೆ ನಿದ್ದೆ. ಅಳಿಯ ಟೀವಿಯಲ್ಲಿ ಬರ್ತಾನೆ ಅಂತ ಊರಿಗೆಲ್ಲ ಹೇಳ್ತಾರೆ, ಆದರೆ ನೋಡೋದು ಮಾರನೇ ದಿನ ಬೆಳಿಗ್ಗೆಯ ಮರುಪ್ರಸಾರ. ಏನೋ ಆಗಿದೆ ಅಂದ್ಕೊಂಡು ಎತ್ತಿದೆ.

"ಅಳಿಯಾ, ನಂಗೆ ಶುಗರ್ ಐತೇನಪ್ಪಾ?"

ನಗಬೇಕೋ ಗಾಬರಿ ಬೀಳಬೇಕೋ ಗೊತ್ತಾಗಲಿಲ್ಲ. "ನಿಮಗೆ ಶುಗರ್ ಇದೆಯೋ ಇಲ್ವೋ ನನಗೆ ಹೇಗೆ ಗೊತ್ತಿರುತ್ತೆ ಮಾವ?" ಅಂದೆ.

"ನಂಗೂ ಗೊತ್ತಿಲ್ಲ ಕಣಪ್ಪ. ಆದ್ರೆ ಬೆಂಗ್ಳೂರಿಂದ ಒಂದು ಹುಡುಗಿ ಫೋನ್ ಮಾಡಿತ್ತು. ಅದಕ್ಕೆ ಗೊತ್ತೈತೆ."

ಆ ಹುಡುಗಿ ಮಾರ್ತಾ ಇದ್ದದ್ದು ಸಕ್ಕರೆ ಕಾಯಿಲೆಗೆ ಒಂದು ಪುಡಿ. ಮೂರು ಡಬ್ಬಿ ತಗೊಂಡರೆ ಒಂದು ಉಚಿತ. ಅದು ದೊಡ್ಡ ವಿಷಯ ಅಲ್ಲ, ಅಂಥ ಕರೆ ದಿನಕ್ಕೆ ಹತ್ತು ಬರ್ತವೆ. ಆದರೆ ಅವಳು ಮಾವನ ಹೆಸರು ಹೇಳಿದಳು, ಊರು ತಾಳ್ಯ ಅಂದಳು, "ನಿಮಗೆ ಶುಗರ್ ಸ್ವಲ್ಪ ಜಾಸ್ತಿ ಇದೆ ಅಲ್ವಾ ಸರ್" ಅಂದಳು. ಐವತ್ನಾಲ್ಕು ವರ್ಷದ ಮನುಷ್ಯ. ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಹೋಗೋರು. ಜೀವಮಾನದಲ್ಲಿ ಆಸ್ಪತ್ರೆಗೆ ಹೋಗಿದ್ದು ಎರಡೇ ಸಲ, ಒಂದು ಕೈ ಮುರಿದಾಗ, ಇನ್ನೊಂದು ಮಗಳು ಹುಟ್ಟಿದಾಗ. ಇವರ ಮೈಯೊಳಗಿನ ಸುದ್ದಿ ಇವರಿಗಿಂತ ಮೊದಲು ಪುಡಿ ಮಾರೋ ಹುಡುಗಿಗೆ ಹೇಗೆ ಗೊತ್ತಾಯ್ತು?

ಕೆದಕಿದೆ. ಕೆದಕೋದೇ ನಮ್ಮ ಕಸುಬು.

ಹೊಳಲ್ಕೆರೆ ತಾಲ್ಲೂಕಿನಲ್ಲಿ ತಾಳ್ಯ ಒಂದು ಹೋಬಳಿ. ಮಾವನಿಗೆ ಒಂದಿಷ್ಟು ಅಡಿಕೆ, ಒಂದಿಷ್ಟು ಮೆಕ್ಕೆಜೋಳ, ನೀರು ಬರುವ ಒಂದು ಕೊಳವೆಬಾವಿ, ಬರದ ಎರಡು. ಬೆಂಗಳೂರಲ್ಲಿ ಕೆಲಸ ಮಾಡುವ ಮಗ "ಅಪ್ಪಾ, ಒಂದು ಆರೋಗ್ಯ ವಿಮೆ ಮಾಡಿಸಿಬಿಡೋಣ" ಅಂತ ಹಟ ಹಿಡಿದ. ಒಳ್ಳೇ ಮಗ. ಪಕ್ಕದೂರಿನ ಏಜೆಂಟ್ ಬಂದ, ಫಾರಂ ತಾನೇ ತುಂಬಿದ, ಮಾವ ಕನ್ನಡದಲ್ಲಿ ಸಹಿ ಹಾಕಿದರು. ಒಂದು ವಾರ ಬಿಟ್ಟು ಲ್ಯಾಬಿನ ಹುಡುಗ ಬೈಕಲ್ಲಿ ಬಂದ. ಜಗಲಿ ಮೇಲೆ ಕೂರಿಸಿ, ಬೀದಿಯ ಅರ್ಧ ಜನ ನೋಡ್ತಾ ಇರುವಾಗಲೇ ರಕ್ತ ತೆಗೆದ. ಅದೇ ಬೀದಿಯಲ್ಲಿ ಇನ್ನೂ ಮೂರು ಮನೆಯಲ್ಲಿ ತೆಗೆದ. ಟ್ಯೂಬುಗಳನ್ನು ಒಂದೇ ಡಬ್ಬಿಗೆ ಹಾಕ್ಕೊಂಡು ಹೊರಟ.

ಆಮೇಲೆ ಕಂಪನಿಯಿಂದ ಒಂದು ಪತ್ರ. ಇಂಗ್ಲಿಷಿನಲ್ಲಿ, ಮೂರು ಸಾಲು. ವೈದ್ಯಕೀಯ ಕಾರಣಕ್ಕೆ ನಿಮ್ಮ ಅರ್ಜಿ ಒಪ್ಪಲು ಆಗುತ್ತಿಲ್ಲ, ಅಷ್ಟೇ. ಯಾವ ಕಾರಣ? ಇಲ್ಲ. ರಿಪೋರ್ಟ್? ಇಲ್ಲ. ಪತ್ರ ಬಂದ ನಾಲ್ಕನೇ ದಿನಕ್ಕೆ ಪುಡಿಯ ಫೋನು.

ನಾನು ಕಂಪನಿಗೆ ಕೇಳಿಸಿದೆ. "ನಮ್ಮಿಂದ ಹೋಗಿಲ್ಲ." ಲ್ಯಾಬಿಗೆ ಕೇಳಿಸಿದೆ. "ನಾವು ರಿಪೋರ್ಟನ್ನು ಕಂಪನಿಗೆ ಮಾತ್ರ ಕಳಿಸೋದು." ಏಜೆಂಟನನ್ನು ಕೇಳಿದೆ. "ಅಯ್ಯೋ ಸಾರ್, ನಮಗೇ ರಿಪೋರ್ಟ್ ಕೊಡಲ್ಲ." ಪುಡಿಯ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಎಲ್ಲರೂ ಸಾಚಾ. ಆದರೆ ಸುದ್ದಿ ಮಾತ್ರ ಹೊರಗೆ!

ಹೊರಗೆ ಅಂದ್ರೆ ಬರೀ ಬೆಂಗಳೂರಿಗಲ್ಲ. ಮಾವನ ಮಗಳಿಗೆ ಆಗ ಗಂಡು ನೋಡ್ತಾ ಇದ್ದರು. ಹದಿನೈದು ದಿನ ಬಿಟ್ಟು ಹುಡುಗನ ಕಡೆಯ ಹಿರಿಯರೊಬ್ಬರು, ಬಹಳ ಮರ್ಯಾದೆಯಿಂದಲೇ, "ನಿಮ್ಮನೇಲಿ ಶುಗರ್ ವಂಶದಿಂದ ಬಂದದ್ದಾ?" ಅಂತ ಕೇಳಿದರಂತೆ. ಮಾವ ಅವತ್ತು ಉತ್ತರ ಕೊಡಲಿಲ್ಲ. ಅತ್ತೆ ಒಳಗೆ ಹೋಗಿ ಅತ್ತರು.

ಶುಗರ್ ಅಂತ ಬಿಡಿ, ಈಗ ಮನೆಗೊಬ್ಬರಿಗಿದೆ, ಸಂಬಂಧ ಮುರಿಯಲ್ಲ. ಆದರೆ ಅದೇ ಮನೆಯ ಗುಟ್ಟು ಮೂರ್ಛೆ ರೋಗದ್ದಾಗಿದ್ದರೆ? ನಿಮ್ಹಾನ್ಸ್‌ನ ಚೀಟಿ ಆಗಿದ್ದರೆ? ಮದುವೆಗೆ ಮುಂಚೆ ಆದ ಒಂದು ಗರ್ಭಪಾತದ ವಿಷಯ ಆಗಿದ್ದರೆ? ಕಾನೂನಿನ ಪುಸ್ತಕದಲ್ಲಿ ಖಾಸಗಿತನ ಅನ್ನೋದು ಒಣ ಪದ. ತಾಳ್ಯದಂಥ ಊರಲ್ಲಿ ಅದು ಮಗಳ ಮದುವೆ, ಹೋಟೆಲ್ ಮುಂದಿನ ಪಿಸುಮಾತು.

ಆ ರಾತ್ರಿ ಮಾವನಿಗೆ ಹೇಳಿದೆ: ಫಾರಂನ ಜೆರಾಕ್ಸ್ ಇದ್ದರೆ ಫೋಟೋ ತೆಗೆದು ವಾಟ್ಸಾಪ್ ಮಾಡಿಸಿ. ಮಾಡಿಸಿದರು. ಕೊನೇ ಪುಟದಲ್ಲಿ, ಸಹಿಯ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಘೋಷಣೆ. ನೀವು ಆರೋಗ್ಯ ವಿಮೆ ಮಾಡಿಸಿದ್ದರೆ ನೀವೂ ಅದಕ್ಕೆ ಸಹಿ ಹಾಕಿದ್ದೀರಿ. ಕಂಪನಿ ಯಾವುದಾದರೂ ಇರಲಿ, ಒಕ್ಕಣೆ ಹೆಚ್ಚುಕಮ್ಮಿ ಒಂದೇ. ನಾನು ಅದನ್ನು ಫೋನಲ್ಲೇ ಕನ್ನಡ ಮಾಡಿ ಓದಿದೆ. ಸಾರ ಇಷ್ಟು. ನನಗೆ ಚಿಕಿತ್ಸೆ ಕೊಟ್ಟ ಯಾವುದೇ ವೈದ್ಯರಿಂದ, ಯಾವುದೇ ಆಸ್ಪತ್ರೆಯಿಂದ, ನಾನು ಕೆಲಸ ಮಾಡಿದ ಯಾವುದೇ ಮಾಲೀಕರಿಂದ, ನಾನು ಹಿಂದೆ ಅರ್ಜಿ ಹಾಕಿದ ಯಾವುದೇ ವಿಮಾ ಕಂಪನಿಯಿಂದ ನನ್ನ ಆರೋಗ್ಯದ ಮಾಹಿತಿ ಪಡೆಯಲು ಕಂಪನಿಗೆ ಅಧಿಕಾರ ಕೊಟ್ಟಿದ್ದೇನೆ. ಅರ್ಜಿಯನ್ನು ತೂಗಿ ನೋಡಲು ಮತ್ತು ಕ್ಲೈಮ್ ಇತ್ಯರ್ಥಕ್ಕೆ ನನ್ನ ವೈದ್ಯಕೀಯ ದಾಖಲೆ ಹಂಚಿಕೊಳ್ಳಲು, ಸರ್ಕಾರಕ್ಕೆ ಮತ್ತು ನಿಯಂತ್ರಣ ಸಂಸ್ಥೆಗೆ ಕೊಡಲು ಒಪ್ಪಿದ್ದೇನೆ.

ಮಾವ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. "ಯಾವುದೇ ಅಂದ್ರೆ ಎಷ್ಟು ಜನ, ಅಳಿಯಾ?"

ನೋಡಿ, ಇಪ್ಪತ್ತು ವರ್ಷ ಮಂತ್ರಿಗಳಿಗೆ ಪ್ರಶ್ನೆ ಕೇಳಿದ್ದೀನಿ. ಇಷ್ಟು ಸರಿಯಾದ ಪ್ರಶ್ನೆ ನಾನು ಕೇಳಿದ್ದು ಕಡಿಮೆ.

ಎಷ್ಟು ಜನ ಅಂತ ಎಣಿಸೋಣ. ಮೊದಲು ಏಜೆಂಟ್. ಆಮೇಲೆ ಲ್ಯಾಬ್. ಕಂಪನಿಯಲ್ಲಿ ಅರ್ಜಿಯ ಅಪಾಯ ಅಳೆಯುವವನು, ಅವನಿಗೆ ಅಂಡರ್‌ರೈಟರ್ ಅಂತಾರೆ. ಮೊತ್ತ ದೊಡ್ಡದಾದರೆ ಮರುವಿಮೆ ಕಂಪನಿ. ಅಂದ್ರೆ ವಿಮಾ ಕಂಪನಿಗೇ ವಿಮೆ ಕೊಡುವ ಕಂಪನಿ. ನಾಳೆ ಆಸ್ಪತ್ರೆ ಸೇರಿದಿರಿ ಅನ್ನಿ, ಅಲ್ಲಿಯ ವಿಮೆ ಕೌಂಟರ್, ಮತ್ತು ಟಿಪಿಎ. ಆ ಟಿಪಿಎ ಯಾರು ಗೊತ್ತಾ? ಕಂಪನಿಗೂ ಆಸ್ಪತ್ರೆಗೂ ನಡುವೆ ಕೂತು ನಗದುರಹಿತ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಸಂಸ್ಥೆ. ಇದೆಲ್ಲದರ ಮೇಲೆ ಇನ್ನೊಂದಿದೆ, ಅದರ ಹೆಸರು ನೂರಕ್ಕೆ ತೊಂಬತ್ತು ಜನ ಪಾಲಿಸಿದಾರರು ಕೇಳಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋ ಆಫ್ ಇಂಡಿಯಾ. ಹೈದರಾಬಾದಿನಲ್ಲಿದೆ. ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎ 2009ರಲ್ಲಿ ಹುಟ್ಟುಹಾಕಿದ್ದು. ದೇಶದ ವಿಮಾ ಕಂಪನಿಗಳು ತಮ್ಮ ಪಾಲಿಸಿ, ಕ್ಲೈಮ್‌ಗಳ ವಿವರವನ್ನು ಅಲ್ಲಿಗೆ ಕಳಿಸಬೇಕು. ಆರೋಗ್ಯ ವಿಮೆಯ ಕ್ಲೈಮ್ ಆದರೆ ಯಾವ ಕಾಯಿಲೆ ಅನ್ನೋದು ಅಂತರರಾಷ್ಟ್ರೀಯ ಸಂಕೇತ ಸಂಖ್ಯೆಯಲ್ಲಿ ಹೋಗುತ್ತೆ. ಜೀವ ವಿಮೆ ಕಂಪನಿಗಳಿಗಂತೂ, ಪಾಲಿಸಿ ಕೊಡುವ ಮುಂಚೆಯೇ ಅರ್ಜಿದಾರನನ್ನು ಹಳೆಯ ದಾಖಲೆ ಜೊತೆ ಹೊಂದಿಸಿ ನೋಡುವ ಕ್ವೆಸ್ಟ್ ಅನ್ನುವ ಸೌಲಭ್ಯವೂ ಅಲ್ಲಿದೆ.

ಇಷ್ಟು ಕೇಳಿದ ತಕ್ಷಣ "ಅಯ್ಯೋ ಕಳ್ಳರು!" ಅಂತ ಕೂಗಬೇಡಿ. ಟೀವಿಯವನೇ ಹೀಗೆ ಹೇಳ್ತಿದ್ದಾನಲ್ಲ ಅಂದ್ಕೋಬೇಡಿ. ಹಂಚಿಕೊಳ್ಳೋದಕ್ಕೆ ಕಾರಣ ಇದೆ, ನ್ಯಾಯವಾದ ಕಾರಣವೇ ಇದೆ.

ನಮ್ಮ ಕಡೆ ಇದನ್ನು ಅರ್ಥ ಮಾಡಿಸೋದು ಸುಲಭ, ಯಾಕಂದ್ರೆ ಎಲ್ಲರೂ ಚೀಟಿ ಹಾಕಿದವರೇ. ಇಪ್ಪತ್ತು ಜನ ಸೇರಿ ಚೀಟಿ ನಡೆಸ್ತೀರಿ. ಮೂರು ಚೀಟಿಯಲ್ಲಿ ದುಡ್ಡು ಎತ್ತಿ ಕೈ ಎತ್ತಿದವನು ನಾಲ್ಕನೇ ಚೀಟಿಗೆ ಬಂದರೆ? ಈ ಚೀಟಿ ಯಜಮಾನ ಆ ಚೀಟಿ ಯಜಮಾನನಿಗೆ ಒಂದು ಮಾತು ಕೇಳ್ತಾನೆ. ಕೇಳದಿದ್ದರೆ ಮುಳುಗೋದು ಉಳಿದ ಹತ್ತೊಂಬತ್ತು ಜನ. ವಿಮೆಯೂ ಅಷ್ಟೇ. ಅದು ಕಂಪನಿಯ ದುಡ್ಡಲ್ಲ, ನಮ್ಮ ನಿಮ್ಮ ಪ್ರೀಮಿಯಂ ಸೇರಿದ ಗಂಟು. ಕೊನೇ ಹಂತದ ಕ್ಯಾನ್ಸರ್ ಮುಚ್ಚಿಟ್ಟು ಐದು ಕಂಪನಿಯಲ್ಲಿ ಪಾಲಿಸಿ ಮಾಡಿಸಿದವನ ದುಡ್ಡು ಕಟ್ಟೋದು ಮಾವನಂಥವರು.

ಎಲ್ಲ ಒಂದೇ ಮನೆಯಲ್ಲಿದ್ದಾಗ ಈ ತಲೆನೋವು ಇಷ್ಟಿರಲಿಲ್ಲ. ನಮ್ಮ ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ವಿಮೆ ಶುರು ಮಾಡಿತ್ತು, ಇವತ್ತಿನ ಕೆಜಿಐಡಿ ಅದರದ್ದೇ ಮುಂದುವರಿಕೆ. ಸರ್ಕಾರಿ ನೌಕರನ ಕಡತ ಸರ್ಕಾರದಲ್ಲೇ. 1956ರಲ್ಲಿ 245 ವಿಮಾ ಕಂಪನಿ ಮತ್ತು ಸೊಸೈಟಿಗಳನ್ನು ಸೇರಿಸಿ ಎಲ್‌ಐಸಿ ಮಾಡಿದರು. ಜೀವ ವಿಮೆ ಅಂದ್ರೆ ಬಹುಪಾಲು ಒಂದೇ ಸಂಸ್ಥೆ, ಹಂಚಿಕೊಳ್ಳೋಕೆ ಇನ್ನೊಬ್ಬ ಯಾರು? 2000ದಿಂದ ಈಚೆಗೆ ಖಾಸಗಿ ಕಂಪನಿಗಳು ಬಂದವು. ಒಂದು ಕಡೆ ಇಲ್ಲ ಅನ್ನಿಸಿಕೊಂಡವನು ಇನ್ನೊಂದು ಕಡೆ ಹೋಗಬಹುದಾಯಿತು. ಆಗ ಕಂಪನಿಗಳಿಗೆ ಪರಸ್ಪರ ಕೇಳಿ ತಿಳಿಯುವ ಅಗತ್ಯ ಬಿತ್ತು.

ಹಾಗಾದರೆ ತಪ್ಪು ಎಲ್ಲಿ? ಚೀಟಿಗೇ ವಾಪಸ್ ಬನ್ನಿ. ಊರಲ್ಲಿ ಚೀಟಿ ಯಜಮಾನರು ಮಾತಾಡಿಕೊಂಡದ್ದು ಸಂಜೆಯೊಳಗೆ ಆ ಮನುಷ್ಯನ ಕಿವಿಗೂ ಬೀಳುತ್ತೆ. ಅವನು ಬಂದು "ಸ್ವಾಮಿ, ದುಡ್ಡು ಮುಳುಗಿಸಿದ್ದು ನಾನಲ್ಲ, ನನ್ನ ಹೆಸರಿನ ಇನ್ನೊಬ್ಬ" ಅಂತ ಹೇಳಬಹುದು. ವಿಮೆಯಲ್ಲಿ ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಅನ್ನೋದು ನಿಮ್ಮನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತು! ನನ್ನ ತಕರಾರು ಅದು. ಹಂಚೋದರ ಬಗ್ಗೆ ಅಲ್ಲ, ನನಗೆ ಕಾಣದ ಹಾಗೆ ಹಂಚೋದರ ಬಗ್ಗೆ.

ಈ ವಿಷಯದಲ್ಲಿ ಅಮೆರಿಕದವರು ನಮಗಿಂತ ಮುಂದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ಸಹಪಾಠಿಯೊಬ್ಬ ಅಲ್ಲಿ ಜೀವ ವಿಮೆಗೆ ಅರ್ಜಿ ಹಾಕಿದಾಗ ಫಾರಂ ಜೊತೆಗೇ ಒಂದು ನೋಟಿಸ್ ಕೊಟ್ಟರಂತೆ: ನಿಮ್ಮ ಆರೋಗ್ಯದ ಬಗ್ಗೆ ಸಂಕ್ಷಿಪ್ತ ವರದಿಯನ್ನು ಎಂಐಬಿಗೆ ಕಳಿಸಬಹುದು. ಎಂಐಬಿ ಅಂದ್ರೆ ಮೆಡಿಕಲ್ ಇನ್ಫರ್ಮೇಶನ್ ಬ್ಯೂರೋ. 1902ರಲ್ಲಿ ಅಲ್ಲಿಯ ವಿಮಾ ಕಂಪನಿಗಳೇ ಸೇರಿ ಕಟ್ಟಿದ್ದು. ನಿಮ್ಮ ಎಕ್ಸ್‌ರೇ, ಡಾಕ್ಟರ್ ಚೀಟಿ ಅಲ್ಲಿರಲ್ಲ, ಸಂಕೇತಗಳು ಮಾತ್ರ. ರಕ್ತದೊತ್ತಡಕ್ಕೊಂದು, ಹೃದಯಕ್ಕೊಂದು, ಅಪಾಯದ ಹವ್ಯಾಸಕ್ಕೂ ಒಂದು. ಏಳು ವರ್ಷ ಇಟ್ಟುಕೊಂಡಿರ್ತಾರೆ. ಬರೀ ಆ ಸಂಕೇತ ನೋಡಿ ಅರ್ಜಿ ತಳ್ಳಿಹಾಕುವ ಹಾಗಿಲ್ಲ, ಕಂಪನಿ ತಾನೇ ವಿಚಾರಿಸಬೇಕು. ಮುಖ್ಯವಾದದ್ದು ಇದು: ವರ್ಷಕ್ಕೊಮ್ಮೆ ಯಾರು ಬೇಕಾದರೂ ತಮ್ಮ ಕಡತವನ್ನು ಪುಕ್ಕಟೆ ತರಿಸಿಕೊಂಡು ನೋಡಬಹುದು, ತಪ್ಪಿದ್ದರೆ ತಕರಾರು ಹಾಕಬಹುದು. ಅದು ಅಲ್ಲಿಯ ಕಾನೂನು ಕೊಟ್ಟ ಹಕ್ಕು. ನನ್ನ ಗೆಳೆಯ ತರಿಸಿಕೊಂಡ. ಒಂದೇ ಪುಟ ಇತ್ತಂತೆ, ಓದೋಕೆ ಎರಡು ನಿಮಿಷ.

ನಮ್ಮಲ್ಲಿ? ಕಾನೂನಿನ ಹೆಸರುಗಳಿಗೇನೂ ಬರವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದ್ದು ಯಾರು? ನಮ್ಮವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. 2024ರಲ್ಲಿ ತೀರಿಕೊಂಡರು, ತೊಂಬತ್ತೆಂಟು ತುಂಬಿತ್ತು. ಆ ತೀರ್ಪಿನ ಹೆಸರೇ ಪುಟ್ಟಸ್ವಾಮಿ ತೀರ್ಪು.

ತೀರ್ಪಿನ ಬೆನ್ನಿಗೆ ಕಾಯ್ದೆ ಬರೋಕೆ ಆರು ವರ್ಷ ಹಿಡಿಯಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದಕ್ಕೆ ನಿಯಮಗಳು ಬರೋಕೆ ಇನ್ನೂ ಎರಡು ವರ್ಷ, 2025ರ ನವೆಂಬರ್. ನಿಯಮ ಬಂದ ದಿನವೇ ಎಲ್ಲ ಜಾರಿಯಾಯ್ತಾ? ಇಲ್ಲ ಸ್ವಾಮಿ. ನಮಗೆ ನಿಜವಾಗಿ ಬೇಕಾದ ಕಲಂಗಳಿಗೆ ಹದಿನೆಂಟು ತಿಂಗಳ ಗಡುವು. ಲೆಕ್ಕ ಹಾಕಿ, 2027ರ ಮೇ.

ಆ ಕಾಯ್ದೆಯಲ್ಲಿ ಮಾವನ ಪ್ರಶ್ನೆಗೆ ಉತ್ತರ ಇದೆ. ಹನ್ನೊಂದನೇ ಕಲಂ. ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ, ಅದನ್ನು ಯಾರು ಯಾರಿಗೆ ಕೊಟ್ಟಿದ್ದೀರಿ ಅಂತ ನಾನು ಕೇಳಬಹುದು, ಅವರು ಹೆಸರು ಹೇಳಬೇಕು. ಹನ್ನೆರಡನೇ ಕಲಂ, ತಪ್ಪಿದ್ದರೆ ತಿದ್ದಿಸಬಹುದು. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಲ್ಲಿ ನಾವು ಕೇಳಿದ ಭಾಷೆಯಲ್ಲಿ ಓದಲು ಅವಕಾಶ ಇರಬೇಕು. ಅಂದ್ರೆ ಕನ್ನಡದಲ್ಲಿ. ಯಾವ ಉದ್ದೇಶಕ್ಕೆ ಬೇಕೋ ಅಷ್ಟಕ್ಕೇ ಒಪ್ಪಿಗೆ, ಮಿಕ್ಕಿದ್ದು ಇಲ್ಲ. ಕೇಳೋಕೆ ಹಾಯಾಗಿದೆ.

ಇನ್ನು ಹಾಯಾಗಿಲ್ಲದ್ದು. ಅಪರಾಧ ತಡೆಯಲು, ತನಿಖೆ ಮಾಡಲು ಕೇಳುವ ಅಧಿಕಾರ ಇರುವವರಿಗೆ ಲಿಖಿತ ಕೋರಿಕೆ ಮೇಲೆ ಮಾಹಿತಿ ಕೊಟ್ಟಿದ್ದರೆ ಅದನ್ನು ನಿಮಗೆ ಹೇಳಬೇಕಾಗಿಲ್ಲ. ವಿಮೆಯಲ್ಲಿ ವಂಚನೆ ಅನ್ನುವ ಪದ ಎಷ್ಟು ಅಗಲಕ್ಕೆ ಬೇಕಾದರೂ ಹಿಗ್ಗುತ್ತೆ, ಅದರ ಮೇಲೆ ಒಂದು ಕಣ್ಣಿಡಬೇಕು. 2011ರ ಐಟಿ ನಿಯಮಗಳಲ್ಲಿ ವೈದ್ಯಕೀಯ ದಾಖಲೆ ಅನ್ನೋದು ಸೂಕ್ಷ್ಮ ಮಾಹಿತಿ ಅಂತ ಪ್ರತ್ಯೇಕ ಪಟ್ಟಿಯಲ್ಲಿತ್ತು. ಹೊಸ ಕಾಯ್ದೆಯಲ್ಲಿ ಆ ಪ್ರತ್ಯೇಕ ಪಟ್ಟಿಯೇ ಇಲ್ಲ. ನಿಮ್ಮ ಮೊಬೈಲ್ ನಂಬರೂ ನಿಮ್ಮ ಕಾಯಿಲೆಯೂ ಒಂದೇ ತಕ್ಕಡಿಯಲ್ಲಿ. ಮಾಹಿತಿ ಸೋರಿದರೆ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ನಾವೆಲ್ಲ ದೊಡ್ಡ ಅಕ್ಷರದಲ್ಲಿ ತೋರಿಸಿದ್ದೇ ತೋರಿಸಿದ್ದು. ಆ ದಂಡದ ದುಡ್ಡು ಯಾರಿಗೆ? ಕೇಂದ್ರ ಸರ್ಕಾರದ ಸಂಚಿತ ನಿಧಿಗೆ. ಗುಟ್ಟು ಹೋದದ್ದು ಮಾವನದ್ದು, ದುಡ್ಡು ಹೋಗೋದು ದೆಹಲಿಗೆ! ಐಟಿ ಕಾಯ್ದೆಯ 43ಎ ಕಲಂನಲ್ಲಿ, ಕಂಪನಿಯ ಅಜಾಗ್ರತೆಯಿಂದ ನಷ್ಟವಾದವನಿಗೆ ಪರಿಹಾರ ಅಂತ ಇತ್ತು. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಆ ಕಲಂ ಕಿತ್ತುಹೋಗುತ್ತೆ. ಸುಳ್ಳು ದೂರು ಕೊಟ್ಟರೆ ನಮಗೆ ಹತ್ತು ಸಾವಿರದವರೆಗೆ ದಂಡ, ಅದನ್ನು ಮಾತ್ರ ಮರೆತಿಲ್ಲ.

ಸೋರಿಕೆ ಅಂದೆ. ಅದು ಬರೀ ಊಹೆಯ ಮಾತಲ್ಲ. 2024ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಚೆನ್ನೈ ಮೂಲದ ಸ್ಟಾರ್ ಹೆಲ್ತ್, ದೇಶದ ದೊಡ್ಡ ಆರೋಗ್ಯ ವಿಮಾ ಕಂಪನಿಗಳಲ್ಲಿ ಒಂದು. ಅದರ ಗ್ರಾಹಕರ ಕಾಗದಪತ್ರ ಟೆಲಿಗ್ರಾಂ ಆ್ಯಪ್‌ನಲ್ಲಿ ಕೇಳಿದವರಿಗೆ ಸಿಗ್ತಾ ಇದೆ ಅಂತ ರಾಯ್ಟರ್ಸ್ ಸುದ್ದಿ ಸಂಸ್ಥೆ ವರದಿ ಮಾಡಿತು. ಹೆಸರು, ವಿಳಾಸ, ಗುರುತಿನ ಚೀಟಿಯ ನಕಲು ಮಾತ್ರ ಅಲ್ಲ, ಟೆಸ್ಟ್ ರಿಪೋರ್ಟು, ಯಾವ ಕಾಯಿಲೆ ಅನ್ನೋದು ಕೂಡ. ಮೂರು ಕೋಟಿಗೂ ಹೆಚ್ಚು ಗ್ರಾಹಕರ ಮಾಹಿತಿ ನನ್ನ ಹತ್ತಿರ ಇದೆ ಅಂತ ಕದ್ದವನು ಹೇಳಿಕೊಂಡ. ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು, ಟೆಲಿಗ್ರಾಂ ಮೇಲೆ ದಾವೆ ಹೂಡಿತು, ತಾನು ಸೈಬರ್ ದಾಳಿಗೆ ಗುರಿಯಾದದ್ದನ್ನು ಒಪ್ಪಿಕೊಂಡಿತು. ನಾವು ಮೂರು ದಿನ ಬ್ರೇಕಿಂಗ್ ನ್ಯೂಸ್ ಹಾಕಿದೆವು. ನಾಲ್ಕನೇ ದಿನ ಬೇರೆ ಸುದ್ದಿ ಸಿಕ್ಕಿತು. ಹೌದು, ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಕಾರ್ಡ್ ಹೋದರೆ ಬ್ಲಾಕ್ ಮಾಡಿಸಬಹುದು. ಹೊರಬಿದ್ದ ಕಾಯಿಲೆಯನ್ನು ಏನು ಮಾಡಿಸ್ತೀರಿ?

ಮಾವನ ಕಥೆಗೆ ಬರ್ತೀನಿ, ಅದು ಅರ್ಧಕ್ಕೆ ನಿಂತಿದೆ.

ಮಾರನೇ ವಾರ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ ರಕ್ತ ಕೊಟ್ಟರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ, ಅದರಲ್ಲಿ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಮಧುಮೇಹ. ಮಾವನದ್ದು 5.4. ನಂಬಿಕೆ ಬರದೆ ಹದಿನೈದು ದಿನ ಬಿಟ್ಟು ಬೇರೆ ಕಡೆ ಮಾಡಿಸಿದರು. 5.5. ಶುಗರ್ ಇಲ್ಲವೇ ಇಲ್ಲ! ಹಾಗಾದರೆ ಕಂಪನಿಯ ರಿಪೋರ್ಟಿನಲ್ಲಿ ಏನಿತ್ತು? ನನ್ನ ಅಕ್ಕನ ಮಗ ವಕೀಲ, ಅವನ ಕೈಲಿ ಎರಡು ಸಲ ಬರೆಸಿದ ಮೇಲೆ ಕಂಪನಿ ಪ್ರತಿ ಕಳಿಸಿತು. 8.1. ಹೆಸರು ಮಾವನದ್ದೇ. ವಯಸ್ಸು ಮಾತ್ರ 61.

ನಮ್ಮೂರ ಕಡೆ ದೇವರ ಹೆಸರು ಇಡ್ತಾರೆ, ಒಂದೇ ಹೆಸರಿನವರು ಬೀದಿಗೆ ಇಬ್ಬರು ಮೂವರು ಸಿಗ್ತಾರೆ. ಅವತ್ತು ರಕ್ತ ಕೊಟ್ಟ ಇನ್ನೊಂದು ಮನೆಯವರ ಹೆಸರೂ ಅದೇ, ವಯಸ್ಸು ಅರವತ್ತೊಂದು. ಆ ಹಿರಿಯರಿಗೆ ಶುಗರ್ ಇರೋದು ನನಗೆ ಈ ರೀತಿ ತಿಳೀಬೇಕಾಗಿ ಬಂತು, ನೋಡಿ. ಅವರ ಗುಟ್ಟೂ ಹೋಯ್ತು. ಅವರನ್ನು ಎದುರಿಗೆ ಕಂಡಾಗ ನನಗೇ ಏನೋ ಕದ್ದವನ ಹಾಗೆ ಅನಿಸಿತು.

ಇಲ್ಲಿಂದ ಮಾವನ ನಿಜವಾದ ಕಷ್ಟ ಶುರು. ಬೇರೆ ಕಂಪನಿಗೆ ಅರ್ಜಿ ಹಾಕೋಣ ಅಂದರೆ ಆ ಫಾರಂನಲ್ಲೂ ಒಂದು ಪ್ರಶ್ನೆ ಕಾದು ಕೂತಿದೆ. ಹಿಂದೆ ಯಾವುದಾದರೂ ವಿಮಾ ಕಂಪನಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ, ಮುಂದೂಡಿದೆಯೇ, ಹೆಚ್ಚು ಪ್ರೀಮಿಯಂ ಕೇಳಿದೆಯೇ? ಏಜೆಂಟ್ ಹೇಳಿದ, "ಇಲ್ಲ ಅಂತ ಹಾಕ್ಬಿಡಿ ಯಜಮಾನ್ರೇ, ಯಾರ್ ನೋಡ್ತಾರೆ."

ಯಾರು ನೋಡ್ತಾರೆ ಅಂತ ಈಗಷ್ಟೇ ಎಣಿಸಿದೆವಲ್ಲ? ಅರ್ಜಿ ಹಾಕುವಾಗ ನೋಡದೇ ಇರಬಹುದು. ಕ್ಲೈಮ್ ಬಂದ ದಿನ ಭೂತಗನ್ನಡಿ ಹಿಡಿದು ನೋಡ್ತಾರೆ. ಆರೋಗ್ಯ ವಿಮೆಯಲ್ಲಿ ಸತತ ಅರುವತ್ತು ತಿಂಗಳು, ಅಂದ್ರೆ ಐದು ವರ್ಷ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಹಿಂದೆ ವಿಷಯ ಮುಚ್ಚಿಟ್ಟಿದ್ದೆ ಅಂತ ಕ್ಲೈಮ್ ತಳ್ಳುವ ಹಾಗಿಲ್ಲ. 2024ಕ್ಕೆ ಮುಂಚೆ ಅದು ಎಂಟು ವರ್ಷ ಇತ್ತು. ಜೀವ ವಿಮೆಯಲ್ಲಿ 1938ರ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ. ಅದಕ್ಕೆ ಮುಂಚೆ ಆಸ್ಪತ್ರೆ ಸೇರಿದರೆ ಆ ಒಂದು "ಇಲ್ಲ" ಸಾಕು, ಕಟ್ಟಿದ ಪ್ರೀಮಿಯಂ ನೀರಲ್ಲಿ ಹೋಮ. ಹೌದು ಅಂತ ಬರೆದರೆ? ಹೊಸ ಕಂಪನಿ ಹುಬ್ಬೇರಿಸುತ್ತೆ. ಲ್ಯಾಬಿನ ಹುಡುಗ ಟ್ಯೂಬಿನ ಮೇಲೆ ಹೆಸರು ಬರೆಯೋದರಲ್ಲಿ ಮಾಡಿದ ತಪ್ಪಿಗೆ ಮಾವ ಸುಳ್ಳು ಹೇಳಿ ಸಿಕ್ಕಿಬೀಳಬೇಕು, ಇಲ್ಲಾ ನಿಜ ಹೇಳಿ ಸಂಶಯಕ್ಕೆ ಗುರಿಯಾಗಬೇಕು. ತನ್ನ ಕಡತ ತಾನೇ ನೋಡೋಕೆ ಆಗದ ಮನುಷ್ಯನ ಪಾಡು ಇದು.

ನಾನು ಹೇಳಿದ್ದು ಹೌದು ಅಂತಲೇ ಬರೆಯಿರಿ ಅಂತ. ತಿರಸ್ಕಾರದ ಪತ್ರ, ಆ 61ರ ರಿಪೋರ್ಟ್, ಎರಡು ಸರಿಯಾದ ರಿಪೋರ್ಟ್, ಎಲ್ಲದರ ಜೆರಾಕ್ಸ್ ಲಗತ್ತಿಸಿ, ಮೇಲೊಂದು ಕನ್ನಡದ ಪತ್ರ. ಜೊತೆಗೆ ಮೊದಲ ಕಂಪನಿಗೆ ಒಂದು ರಿಜಿಸ್ಟರ್ ಪೋಸ್ಟ್: ನನ್ನ ಹೆಸರಿನಲ್ಲಿ ನೀವು ಬರೆದಿಟ್ಟಿರೋದು ಬೇರೆಯವರ ರಕ್ತದ ಫಲಿತಾಂಶ, ತಿದ್ದಿ, ಅದನ್ನು ಯಾರು ಯಾರಿಗೆ ಕಳಿಸಿದ್ದೀರೋ ಅವರಿಗೂ ತಿದ್ದುಪಡಿ ಕಳಿಸಿ, ಕಳಿಸಿದವರ ಹೆಸರು ನನಗೆ ತಿಳಿಸಿ. ಹನ್ನೊಂದನೇ ಕಲಂ ಇನ್ನೂ ಜಾರಿಗೆ ಬಂದಿಲ್ಲ ಅಂತ ಅವರು ಉತ್ತರ ಬರೆಯಬಹುದು. ಬರೆಯಲಿ. ಆ ಉತ್ತರವೂ ಒಂದು ದಾಖಲೆ. ಈ ಲೇಖನ ಬರೆಯುವ ಹೊತ್ತಿಗೆ ಸ್ವೀಕೃತಿ ಚೀಟಿ ಬಂದಿದೆ, ಉತ್ತರ ಬಂದಿಲ್ಲ.

ಓದುಗರು ಕೇಳ್ತೀರಿ, ನಾವೇನು ಮಾಡಬೇಕು ಅಂತ. ಫಾರಂ ನೀವೇ ತುಂಬಿ, ಇಲ್ಲಾ ಎದುರಿಗೆ ಕೂತು ತುಂಬಿಸಿ. ಕನ್ನಡದಲ್ಲಿ ಸಹಿ ಹಾಕಿದರೆ, ಇವರಿಗೆ ಇವರ ಭಾಷೆಯಲ್ಲಿ ವಿವರಿಸಿದ್ದೇನೆ ಅಂತ ಇನ್ನೊಬ್ಬರು ಬರೆದುಕೊಡುವ ಜಾಗ ಬಹಳ ಫಾರಂಗಳಲ್ಲಿ ಇರುತ್ತೆ. ಏಜೆಂಟ್ ಅಲ್ಲಿ ಸಹಿ ಹಾಕುವ ಮುಂಚೆ ವಿವರಿಸಿದನಾ ಅಂತ ಕೇಳಿ. ಪಾಲಿಸಿಯ ಮುಖ್ಯಾಂಶ ಹೇಳುವ ಗ್ರಾಹಕ ಮಾಹಿತಿ ಪತ್ರ ಅಂತ ಒಂದಿದೆ, ಕೇಳಿದರೆ ಅದನ್ನು ಕನ್ನಡದಲ್ಲಿ ಕೊಡಬೇಕು, 2024ರ ಜನವರಿಯಿಂದ ಆ ನಿಯಮ ಇದೆ. ಪಾಲಿಸಿ ಕೈಗೆ ಬಂದ ಮೇಲೆ ಮೂವತ್ತು ದಿನ ನಿಮ್ಮದು, ಒಪ್ಪಿಗೆಯಾಗದಿದ್ದರೆ ವಾಪಸ್ ಮಾಡಬಹುದು. ಆ ಮೂವತ್ತು ದಿನದಲ್ಲಿ ಫಾರಂನ ಪ್ರತಿ ತೆಗೆದು, ನಿಮ್ಮ ಬಾಯಲ್ಲಿ ಏಜೆಂಟ್ ಏನೇನು ಹೇಳಿಸಿದ್ದಾನೆ ಅಂತ ಒಂದ್ಸಲ ಓದಿ.

ಹೊಸ ಕಂಪನಿಯಿಂದ ಮಾವನಿಗೆ ಕರೆ ಬಂತು. ಮತ್ತೆ ಟೆಸ್ಟ್ ಮಾಡಿಸಬೇಕಂತೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಇನ್ನೊಬ್ಬ ಹುಡುಗ ಬೈಕಲ್ಲಿ ಬಂದ. ಜಗಲಿ ಮೇಲೆ ಕೂರೋಕೆ ಹೊರಟವನನ್ನು ಮಾವ ನಡುಮನೆಗೆ ಕರೆದರು, ಬಾಗಿಲು ಮುಂದೆ ಮಾಡಿದರು. ರಕ್ತ ತೆಗೆದಾದ ಮೇಲೆ ಅತ್ತೆ ಕಾಫಿ ತಂದು ಅವನ ಕೈಗೆ ಕೊಟ್ಟರು. ಟ್ಯೂಬಿನ ಮೇಲೆ ಹೆಸರು, ಅಪ್ಪನ ಹೆಸರು, ವಯಸ್ಸು 54 ಅಂತ ಬರೆದು, ಅದನ್ನು ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳುವವರೆಗೂ ಬಾಗಿಲು ತೆಗೆಯಲಿಲ್ಲ.